ಪದಾರ್ಥ

ರೂವಿಯಲ್ಲಿ ಸನದ್ ಆಫೀಸಿನ ಮಗ್ಗುಲಿಗೆ
ನನ್ನ ಜೆರಾಕ್ಸ್ ಯಂತ್ರ.
ಪುಟಕ್ಕೆ ಐವತ್ತು ಬೈಸ.
ಅರ್ಥ ಹೇಳಿದ್ದಕ್ಕೆ ದುಡ್ಡಿಲ್ಲ.

ಮೇ ತಿಂಗಳ ಮೂರೂವರೆ ಗಂಟೆ,
ಅಂಗಡಿಗಳೆಲ್ಲ ಕಣ್ಣು ಮುಚ್ಚಿದ ಹೊತ್ತು,
ನೀಲಿ ಟ್ಯಾಂಕರನ್ನು ಗಲ್ಲಿಯ ಬಾಯಿಗೆ ಅಡ್ಡ ನಿಲ್ಲಿಸಿ
(ನೀಲಿಯೆಂದರೆ ಸಿಹಿನೀರು; ಹಳದಿಯದು ಬೇರೆ, ಅದರ ಮಾತು ಬೇಡ)
ವಾಮನ ಸಾಲಿಯಾನ್ ಬಂದ, ಮಗಳೊಂದಿಗೆ.
ಕೈಯಲ್ಲಿ ಕಾಲೇಜಿನ ಪುಸ್ತಿಕೆ, ಬೆವರಿಗೆ ಒದ್ದೆ.
"ಜಾರಪ್ಪಣ್ಣ, ಇದರ ಇಂಗ್ಲಿಷು ಇಂಗ್ಲಿಷಲ್ಲ.
ಸ್ವಲ್ಪ ಕೂತು ಹೇಳಿ."

ಮೊದಲಿಗೆ ಕ್ರೆಡಿಟ್.
ನೂರ ಅರವತ್ತು, ಎಂದಿತ್ತು. ಅವನ ಮುಖ ಇಳಿಯಿತು.
"ಫೀಸು ಕೊಟ್ಟ ಮೇಲೂ ಅಷ್ಟು ಸಾಲವಾ?"
ಅವನಿಗೆ ಗೊತ್ತಿರುವ ಕ್ರೆಡಿಟ್ ಒಂದೇ:
ಕುಂಞಿಮೋನು ಕಾಕನ ಅಂಗಡಿಯ ಕೆಂಪು ರಟ್ಟಿನ ಪುಸ್ತಕ,
ಅಕ್ಕಿ, ಎಣ್ಣೆ, ಒಣಮೀನು, ರೀಚಾರ್ಜು,
ಸಂಬಳದ ದಿನ ಅಡ್ಡಗೆರೆ.
ಇದು ತಿರುವುಮುರುವು ಪುಸ್ತಕ ಮಾರಾಯ, ಅಂದೆ.
ಇಲ್ಲಿ ತಗೊಂಡದ್ದನ್ನಲ್ಲ, ಕೂತದ್ದನ್ನು ಬರೆಯುತ್ತಾರೆ.
ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ಗಂಟೆ ಕೇಳಿ ಪಾಸಾದರೆ
ಹುಡುಗಿಯ ಹೆಸರಿಗೆ ಒಂದು ಜಮೆ.
"ಆಮೇಲೆ ಯಾರೂ ಹೊಡೆದುಹಾಕುವುದಿಲ್ಲವಾ?"
ಇಲ್ಲ.
ಅವನು ಪುಸ್ತಿಕೆಯನ್ನು ತೊಡೆಗೆ ಒರೆಸಿಕೊಂಡ.

ಪ್ರಿರಿಕ್ವಿಸಿಟ್ ಅವನಿಗೇ ಹೊಳೆಯಿತು:
"ವೀಸಾಕ್ಕೆ ಮೊದಲು ಮೆಡಿಕಲ್, ಮೆಡಿಕಲ್ಲಿಗೆ ಮೊದಲು ರಕ್ತ."
ಕಾಷನ್ ಡೆಪಾಸಿಟ್, ಗಾಜು ಒಡೆಯದಿದ್ದರೆ ವಾಪಸು ಬರುವ ಹಣ.
"ಬರುತ್ತದಾ?"
ಬರಬೇಕು, ಎಂದೆ.
ಆ 'ಬೇಕು' ಏನೆಂದು
ಇಲ್ಲಿ ದುಡಿದ ಇಬ್ಬರಿಗೂ ಗೊತ್ತು.

ಇಲೆಕ್ಟಿವ್ ಎಂಬಲ್ಲಿ ನಾನೇ ತಡವರಿಸಿದೆ.
ಬೇಕಾದ್ದನ್ನು ಆರಿಸಿಕೊಳ್ಳುವುದು.
"ಯಾರು?"
ಓದುವವರು.
ಅವನು ಕೀಲಿಗೊಂಚಲನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದ.
ಮಸ್ಕತ್ತಿಗೆ ಇಳಿದ ದಿನ ಯಾರೋ ಅಂಗೈಗಿಟ್ಟ ಕೀಲಿ;
ಲಾರಿ ಯಾವುದೆಂದು ಆಮೇಲೆ ತಿಳಿದದ್ದು.

ತನ್ವಿತಾ ಅಷ್ಟು ಹೊತ್ತೂ ಮಾತಾಡಿರಲಿಲ್ಲ.
ಮೇಜರ್ ಎಂಬ ಖಾನೆಯಲ್ಲಿ ಅಪ್ಪ ಸಿವಿಲ್ ಎಂದು ಬರೆಸಿದ್ದ,
ಪುಣ್ಯಕ್ಕೆ ಪೆನ್ಸಿಲಿನಲ್ಲಿ.
ಅವಳು ನನ್ನ ರಬ್ಬರು ಕೇಳಿದಳು.
ಒರೆಸಿದಳು, ಊದಿದಳು, ಜಿಯಾಲಜಿ ಎಂದು ಬರೆದಳು.
"ಕಲ್ಲು ಓದುವುದಾ?"
ಅವಳು ಬಾಗಿಲಾಚೆ ಬೆರಳು ಮಾಡಿದಳು:
ಬಸ್ ನಿಲ್ದಾಣದ ಮೇಲೆ, ಡಿಶ್ ಆಂಟೆನಾಗಳ ಮೇಲೆ,
ಹುಲ್ಲುಕಡ್ಡಿಯಿಲ್ಲದ ಆ ಕಂದು ಗುಡ್ಡ.
"ಅದು ಹಿಂದೆ ಕಡಲಿನ ತಳ, ಪಪ್ಪಾ.
ನೆಲ ನೂಕಿ ಮೇಲೆ ಬಂದದ್ದು."

ವಾಮನ ಕಾಪು ಪಡುವಿನವ. ಅಜ್ಜ ಬಲೆ, ಅಪ್ಪ ಬಲೆ.
ಹತ್ತೊಂಬತ್ತು ವರ್ಷದಿಂದ ಆ ಗುಡ್ಡದ ಬುಡದಲ್ಲಿ
ಸಿಹಿನೀರು ಹೊತ್ತು ಹತ್ತುತ್ತಾನೆ, ಇಳಿಯುತ್ತಾನೆ.
ಎದ್ದು ಬಾಗಿಲಿಗೆ ಹೋದ. ತುಂಬ ಹೊತ್ತು ಮೇಲೆ ನೋಡಿದ,
ತಲೆಯ ಮೇಲೆ ಎಷ್ಟು ಆಳ ನೀರಿತ್ತೆಂದು ಅಳೆಯುವವನ ಹಾಗೆ.
ಒಳಬಂದು ಕೇಳಿದ್ದು ಇಷ್ಟೇ:
"ಗಾರ್ಡಿಯನ್ ಸಹಿ ಎಲ್ಲಿ?"

ಹದಿನಾಲ್ಕು ಪುಟ, ಏಳುನೂರು ಬೈಸ.
ಒಂದು ರಿಯಾಲಿಟ್ಟ, ಚಿಲ್ಲರೆ ಬೇಡವೆಂದ.
ಗಲ್ಲಿಯಲ್ಲಿ ಆಗಲೇ ಹಾರನ್ನು.

ಗಾಜಿನ ಮೇಲೆ ಒಂದು ಪುಟ ಮರೆತು ಉಳಿದಿತ್ತು.
ಅದರ ಕೊನೆಗೆ ಯಾರೂ ಕೇಳದ ಒಂದು ಪದ: ಆಡಿಟ್.
ಪರೀಕ್ಷೆಯಿಲ್ಲ, ಅಂಕವಿಲ್ಲ, ಜಮೆಯಿಲ್ಲ;
ತರಗತಿಯಲ್ಲಿ ಕೂತು ಕೇಳಲು ಮಾತ್ರ ಅಪ್ಪಣೆ.
ಪಿಯುಸಿ ಗಣಿತದಲ್ಲಿ ಹನ್ನೊಂದು ಅಂಕ ಸಾಲದೆ
ವಿಮಾನ ಹತ್ತಿದವನು ನಾನು.
ಎಷ್ಟು ಡಾಕ್ಟರು, ಎಷ್ಟು ಇಂಜಿನಿಯರು
ಈ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋದರು.
ಹಸಿರು ಬೆಳಕು ಎಲ್ಲರ ಅಡಿಗೂ ಒಂದೇ ಸಮ ಹರಿಯಿತು.

ನಮ್ಮೂರ ಕಡೆ ಪದಾರ್ಥವೆಂದರೆ
ಅನ್ನದ ಜೊತೆಗಿನದು, ಬಂಗುಡೆಯೋ ಹರಿವೆಯೋ.
ರಾತ್ರಿ ಗಂಜಿ ಬಡಿಸಿಕೊಂಡು
ಆ ಪುಟವನ್ನು ತಟ್ಟೆಯ ಪಕ್ಕಕ್ಕೆ ಬಿಡಿಸಿಟ್ಟೆ.
ನಾಳೆ ಕೊಟ್ಟರಾಯಿತು.